ಕಪ್ಪುಕುಳಿಗೆ ಬಿದ್ದರೆ ಏನಾಗುತ್ತದೆ? ಹುಣಸೆ ಬೀಜ, ಸೀಮೆಸುಣ್ಣ, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕುವ ಬಗೆ

ಕೋಲಾರದ ಕಡೆಯ ಮಕ್ಕಳಿಗೆ ಬಾವಿ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಅರವತ್ತು ಅಡಿಯ ತೆರೆದ ಬಾವಿಗೆ ಕಲ್ಲು ಬಿಟ್ಟರೆ ಎರಡು ಸೆಕೆಂಡು ಆಗುವಷ್ಟರಲ್ಲಿ ತಳಕ್ಕೆ ಬಡಿಯುತ್ತದೆ, ಸದ್ದು ಮೇಲೆ ಬರುತ್ತದೆ. ಕಪ್ಪುಕುಳಿ (ಬ್ಲ್ಯಾಕ್ ಹೋಲ್, ಬೆಳಕನ್ನೂ ಹೊರಬಿಡದಷ್ಟು ಗುರುತ್ವ ಇರುವ ಆಕಾಶಕಾಯ) ಎಂದ ಕೂಡಲೇ ತಲೆಯಲ್ಲಿ ಮೂಡುವುದೂ ಇದೇ ಬಾವಿ. ತೊಂದರೆ ಇರುವುದು ಅಲ್ಲೇ. ಬಾವಿಗೆ ಕಟ್ಟೆ ಇದೆ, ತಳ ಇದೆ. ಕಪ್ಪುಕುಳಿಯ ಕಟ್ಟೆ ದಾಟಿದ್ದು ಬಿದ್ದವರಿಗೆ ಗೊತ್ತೇ ಆಗುವುದಿಲ್ಲ. ಅದರ ತಳವಂತೂ ಕೆಳಗೆಲ್ಲೋ ಇರುವ ಜಾಗವೇ ಅಲ್ಲ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ. ಲೆಕ್ಕ ಹಾಕಿಸಿದರೆ ಮಾತ್ರ ನಂಬುತ್ತಾರೆ. ಹತ್ತನೇ ತರಗತಿ ಅಥವಾ ಪಿಯು ಮಕ್ಕಳನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾದ ಲೆಕ್ಕಗಳನ್ನು ಇಲ್ಲಿ ಕೊಟ್ಟಿದ್ದೇವೆ. ಗುಣಾಕಾರ, ಭಾಗಾಕಾರ, ವರ್ಗಮೂಲ, ಘನಮೂಲ ಬಂದರೆ ಸಾಕು.

ಬೇಕಾದ ಸಾಮಾನು

ಘನಮೂಲ ತೆಗೆಯುವ ಕ್ಯಾಲ್ಕುಲೇಟರ್ (ಮೊಬೈಲನ್ನು ಅಡ್ಡ ಹಿಡಿದರೆ ಬರುತ್ತದೆ), ಸೀಮೆಸುಣ್ಣ, ಹತ್ತು ಮೀಟರಿನ ಅಳತೆ ಟೇಪು, ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ, ಮತ್ತೆ 125 ಹುಣಸೆ ಬೀಜ. ಬೀಜಗಳನ್ನು ಮೊದಲೇ ಎಣಿಸಿಡಿ. ತರಗತಿಯಲ್ಲಿ ಎಣಿಸಲು ಕೂತರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

ಎಳೆದು ಕಟ್ಟಿದ ಬಟ್ಟೆಯ ಮೇಲೆ ಕಬ್ಬಿಣದ ಗುಂಡು ಇಟ್ಟು ಗೋಲಿ ಉರುಳಿಸುವ ಪ್ರಯೋಗವನ್ನು ಎಲ್ಲರೂ ಮಾಡಿಸುತ್ತಾರೆ. ಅದನ್ನು ಕೈಬಿಡಿ ಎನ್ನುವುದು ನಮ್ಮ ಸಲಹೆ. ಗೋಲಿ ಗುಂಡಿನ ಕಡೆಗೆ ಉರುಳುವುದು ಕೆಳಗಿನಿಂದ ಭೂಮಿ ಎಳೆಯುತ್ತಿರುವುದರಿಂದ. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಬಳಸಿದ ಹಾಗಾಯಿತು. ಸಾಲದ್ದಕ್ಕೆ, ಕಪ್ಪುಕುಳಿ ಎಂದರೆ ಮೇಲೆ ಬಾಯಿ, ಕೆಳಗೆ ತಳ ಇರುವ ಆಲಿಕೆ ಎಂಬ ಚಿತ್ರ ಕೂತುಬಿಡುತ್ತದೆ. ಕುಳಿಗೆ ಬಾಯಿ ಎನ್ನುವುದೇ ಇಲ್ಲ, ಅದು ಚೆಂಡಿನ ಹಾಗೆ ಎಲ್ಲ ಕಡೆಯಿಂದಲೂ ಒಂದೇ.

ಹೆಜ್ಜೆ 1: ಯಾವ ಕುಳಿ ಎಂದು ತೀರ್ಮಾನಿಸಿ

ಮುಂದಿನ ಎಲ್ಲ ಉತ್ತರಗಳೂ ಈ ಆಯ್ಕೆಯ ಮೇಲೆ ನಿಂತಿವೆ. ಕುಳಿಯ ಸುತ್ತ ಒಂದು ಗಡಿ ಇದೆ, ಅದನ್ನು ಘಟನಾ ಕ್ಷಿತಿಜ ಎನ್ನುತ್ತಾರೆ. ಅದರೊಳಗಿನಿಂದ ಬೆಳಕೂ ಹೊರಬರುವುದಿಲ್ಲ. ತಿರುಗದ ಕುಳಿಗೆ ಈ ಗಡಿಯ ತ್ರಿಜ್ಯವನ್ನು 1916ರಲ್ಲಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಕಂಡುಹಿಡಿದ ಸಮೀಕರಣದಿಂದ ಪಡೆಯಬಹುದು. ಅದನ್ನು ಒಂದೇ ಸಾಲಿಗೆ ಇಳಿಸಿದರೆ:

ತ್ರಿಜ್ಯ (ಕಿ.ಮೀ.) = 2.95 × ಕುಳಿಯ ದ್ರವ್ಯರಾಶಿ (ಸೂರ್ಯನ ಎಷ್ಟು ಪಟ್ಟು)

ಸೂರ್ಯನನ್ನೇ ಹಿಂಡಿ ಕುಳಿ ಮಾಡಿದರೆ ತ್ರಿಜ್ಯ ಮೂರು ಕಿ.ಮೀ.ಗೂ ಕಡಿಮೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಿಂದ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ಅಂದರೆ ಇಡೀ ಸೂರ್ಯನ ಕ್ಷಿತಿಜದ ಮೇಲ್ಮೈಯಿಂದ ನಡುವಿಗೆ ಇರುವ ದೂರವನ್ನು ನಮ್ಮ ಜಿಲ್ಲೆಯ ಗಣಿ ಕಾರ್ಮಿಕರು ದಿನಾ ಹತ್ತಿ ಇಳಿಯುತ್ತಿದ್ದರು. ಭೂಮಿಯನ್ನು ಹಿಂಡಿದರೆ ತ್ರಿಜ್ಯ 9 ಮಿ.ಮೀ., ಮಕ್ಕಳಾಡುವ ಗೋಲಿಗಿಂತ ತುಸು ದಪ್ಪ.

ಅಭ್ಯಾಸಕ್ಕೆ ಮೂರು ಕುಳಿಗಳು ಸಾಕು.

ಸಣ್ಣದು: 10 ಸೂರ್ಯರಷ್ಟು ಭಾರ. ದೊಡ್ಡ ನಕ್ಷತ್ರ ಕುಸಿದಾಗ ಆಗುವಂಥದ್ದು. ತ್ರಿಜ್ಯ 29.5 ಕಿ.ಮೀ., ವ್ಯಾಸ 59 ಕಿ.ಮೀ. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಭೂಪಟದ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 54 ಕಿ.ಮೀ. ಬರುತ್ತದೆ. ಎರಡೂ ಊರುಗಳು ಒಳಗೇ ಸೇರಿಹೋಗುತ್ತವೆ.

ದೊಡ್ಡದು: ನಮ್ಮ ಆಕಾಶಗಂಗೆಯ ನಡುವೆ ಕೂತಿರುವ ಸ್ಯಾಜಿಟೇರಿಯಸ್ ಎ-ಸ್ಟಾರ್. ಸುಮಾರು 43 ಲಕ್ಷ ಸೂರ್ಯರ ಭಾರ, ತ್ರಿಜ್ಯ 1.27 ಕೋಟಿ ಕಿ.ಮೀ. ಇಲ್ಲಿಂದ ಸುಮಾರು 27,000 ಜ್ಯೋತಿರ್ವರ್ಷ ದೂರ. ಅದರ ಸುತ್ತಲಿನ ಬೆಳಕಿನ ಉಂಗುರದ ಚಿತ್ರ 2022ರ ಮೇ 12ರಂದು ಹೊರಬಂತು.

ಭಾರಿಯದು: ಎಂ87 ಗ್ಯಾಲಕ್ಸಿಯ ನಡುವಿನದು, 650 ಕೋಟಿ ಸೂರ್ಯರ ಭಾರ. ತ್ರಿಜ್ಯ 1,920 ಕೋಟಿ ಕಿ.ಮೀ., ಸೂರ್ಯನಿಂದ ನೆಪ್ಚೂನಿಗೆ ಇರುವ ದೂರದ ನಾಲ್ಕು ಪಟ್ಟಿಗೂ ಮೀರಿದ್ದು. 2019ರ ಏಪ್ರಿಲ್ 10ರಂದು ಲೋಕ ನೋಡಿದ ಮೊದಲ ಕಪ್ಪುಕುಳಿ ಚಿತ್ರ ಇದರದ್ದೇ.

ನಿಜವಾದ ಕುಳಿಗಳು ತಿರುಗುತ್ತಿರುತ್ತವೆ, ಆಗ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಮೊದಲ ಸಲಕ್ಕೆ ತಿರುಗದ ಕುಳಿಯನ್ನೇ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರ: ಸುತ್ತ ಬಿಸಿ ಅನಿಲದ ತಟ್ಟೆ ಇರುವ ಕುಳಿ ಬೇಡ. ಸಣ್ಣ ಕುಳಿಯ ತಟ್ಟೆ ಕೋಟಿ ಡಿಗ್ರಿಯವರೆಗೆ ಕಾದು ಎಕ್ಸ್-ರೇ ಸೂಸುತ್ತದೆ, ಬೀಳುವ ಮುಂಚೆಯೇ ಕತೆ ಮುಗಿಯುತ್ತದೆ. ಈ ಲೆಕ್ಕಕ್ಕೆ ಸುತ್ತಮುತ್ತ ಏನೂ ಇಲ್ಲದ, ಸುಮ್ಮನಿರುವ ಕುಳಿ ಬೇಕು.

ಹೆಜ್ಜೆ 2: ಗುರಿ ಹಿಡಿಯಿರಿ

ಕಪ್ಪುಕುಳಿ ಎಲ್ಲವನ್ನೂ ಹೀರಿಕೊಳ್ಳುತ್ತದೆ ಎಂಬ ಮಾತು ಸುಳ್ಳು. ಈಗ ಸೂರ್ಯನ ಜಾಗದಲ್ಲಿ ಅಷ್ಟೇ ಭಾರದ ಕುಳಿ ಇಟ್ಟರೆ ಭೂಮಿ ಈಗಿನ ಹಾದಿಯಲ್ಲೇ ಸುತ್ತುತ್ತದೆ. ಕತ್ತಲೆ, ಚಳಿ ಬರುತ್ತದೆ, ಅಷ್ಟೆ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ದೊಡ್ಡ ಕುಳಿಯ ಹತ್ತಿರ ಬಂದು ಹೋಗುತ್ತದೆ. 2018ರ ಮೇ ತಿಂಗಳಲ್ಲಿ ಸೂರ್ಯ-ಭೂಮಿ ದೂರದ ಸುಮಾರು 120 ಪಟ್ಟು ದೂರದವರೆಗೆ ಬಂದು, ಸೆಕೆಂಡಿಗೆ ಏಳು ಸಾವಿರ ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಸುತ್ತು ಹೊಡೆದು ವಾಪಸು ಹೊರಟಿತು. ಬೀಳಲಿಲ್ಲ.

ಬೀಳಬೇಕಾದರೆ ಅಡ್ಡ ವೇಗವನ್ನು ಕಳೆದುಕೊಳ್ಳಬೇಕು. ಸೂರ್ಯ-ಭೂಮಿ ದೂರದ 100 ಪಟ್ಟು ದೂರದಿಂದ, ಅಂದರೆ 1,500 ಕೋಟಿ ಕಿ.ಮೀ. ಆಚೆಯಿಂದ ದೊಡ್ಡ ಕುಳಿಗೆ ಬೀಳುವಾಗ ಕುಳಿಯ ಕಡೆಗಿನ ವೇಗ ಸೆಕೆಂಡಿಗೆ 8,700 ಕಿ.ಮೀ. ಆಸುಪಾಸು ಇರುತ್ತದೆ. ಅಡ್ಡ ವೇಗ ಸುಮಾರು 500 ಕಿ.ಮೀ. ಮೀರಿದರೆ ಗುರಿ ತಪ್ಪುತ್ತದೆ. ಕೋನಮಾಪಕದಲ್ಲಿ ಇದು ಮೂರು ಡಿಗ್ರಿ ಚಿಲ್ಲರೆ. ಮಕ್ಕಳಿಂದ ಮೂರು ಡಿಗ್ರಿಯ ಗೆರೆ ಎಳೆಸಿ ನೋಡಿ. ಪೆನ್ಸಿಲ್ ಮೊಂಡಾಗಿದ್ದರೆ ಎರಡು ಗೆರೆಗಳು ಒಂದರ ಮೇಲೊಂದು ಕೂರುತ್ತವೆ.

ಗುರಿ ಸರಿಯಾಗಿದ್ದರೆ ಸೂರ್ಯ-ಭೂಮಿಯಷ್ಟು ದೂರಕ್ಕೆ ಬಂದಾಗಿನಿಂದ ಕ್ಷಿತಿಜಕ್ಕೆ ನಿಮ್ಮ ಕೈಗಡಿಯಾರದಲ್ಲಿ ಹದಿನೆಂಟೂವರೆ ನಿಮಿಷ. ಈ ಉದ್ದಕ್ಕೂ ನಿಮಗೆ ತೂಕವೇ ಇಲ್ಲ.

ಹೆಜ್ಜೆ 3: ಕಾಲಿಗೂ ತಲೆಗೂ ಇರುವ ವ್ಯತ್ಯಾಸ ಅಳೆಯಿರಿ

ಇಲ್ಲಿ ಆತುರ ಬೇಡ. ಬಹುಪಾಲು ತಪ್ಪು ತಿಳಿವಳಿಕೆ ಹುಟ್ಟುವುದು ಈ ಹೆಜ್ಜೆಯಲ್ಲಿ.

ಕೊಲ್ಲುವುದು ಎಳೆತವಲ್ಲ, ಎಳೆತದ ವ್ಯತ್ಯಾಸ. ಕಾಲು ಕುಳಿಯ ಕಡೆ, ತಲೆ ಆಚೆ ಇದ್ದರೆ ಕಾಲನ್ನು ಕುಳಿ ಸ್ವಲ್ಪ ಹೆಚ್ಚಾಗಿ ಎಳೆಯುತ್ತದೆ. ಇದನ್ನು ನೆಲದ ಮೇಲೆ ಹೀಗೆ ತೋರಿಸಿ. ಅಂಗಳದಲ್ಲಿ ಆರು ಮೀಟರಿನ ಗೆರೆ ಎಳೆದು ಒಂದು ತುದಿಯನ್ನು ಕುಳಿ ಎಂದು ಗುರುತು ಮಾಡಿ. ಮೀಟರಿಗೊಂದು ಗುರುತು. ಎಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ನೂರನ್ನು ದೂರದ ವರ್ಗದಿಂದ ಭಾಗಿಸಿ, ಬಂದಷ್ಟು ಹುಣಸೆ ಬೀಜವನ್ನು ಆ ಗುರುತಿನ ಮೇಲೆ ಇಡಿಸಿ. ಆರನೇ ಮೀಟರಿನಲ್ಲಿ 3, ಐದನೆಯದರಲ್ಲಿ 4. ತಲೆ ಆರರಲ್ಲಿ, ಕಾಲು ಐದರಲ್ಲಿ ಇದ್ದರೆ ವ್ಯತ್ಯಾಸ ಒಂದೇ ಬೀಜ. ಬೀಜ ಎತ್ತಿಕೊಂಡು ಮುಂದೆ ಹೋಗಿ: ಮೂರರಲ್ಲಿ 11, ಎರಡರಲ್ಲಿ 25, ವ್ಯತ್ಯಾಸ 14. ಕೊನೆಗೆ ಎರಡರಲ್ಲಿ 25, ಒಂದರಲ್ಲಿ 100. ವ್ಯತ್ಯಾಸ 75. ಕೊನೆಯ ರಾಶಿ ಇಡುವಷ್ಟರಲ್ಲಿ ಮಕ್ಕಳಿಗೆ ಅರ್ಥವಾಗಿರುತ್ತದೆ. ಮನುಷ್ಯನ ಉದ್ದ ಅಷ್ಟೇ ಇದೆ, ಜಾಗ ಮಾತ್ರ ಬದಲಾಗಿದೆ.

ಉದ್ದಕ್ಕೆ ಎಳೆಯುವುದರ ಜೊತೆಗೆ ಅಡ್ಡಕ್ಕೆ ಹಿಸುಕುವುದೂ ಇದೆ. ಎಡ ಭುಜ, ಬಲ ಭುಜ ಎರಡೂ ಕುಳಿಯ ನಡುವಿನ ಕಡೆಗೇ ಬೀಳಬೇಕು, ಹಾದಿಗಳು ಹತ್ತಿರವಾಗುತ್ತಾ ಹೋಗುತ್ತವೆ. ಒಂದೊಂದು ಮೀಟರಿಗೆ ಉದ್ದದ ಎಳೆತ ಎಷ್ಟೋ ಅದರ ಅರ್ಧ ಅಡ್ಡ ಒತ್ತಡ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಸ್ಪಗೆಟ್ಟಿಯ ಹೆಸರಿಟ್ಟಿವೆ. ಒತ್ತುಶಾವಿಗೆಯ ಒರಳು ನೋಡಿದವರಿಗೆ ಬೇರೆ ಹೆಸರು ಬೇಡ: ಮೇಲಿನಿಂದ ಉಂಡೆ ಹೋಗುತ್ತದೆ, ಕೆಳಗಿನಿಂದ ಎಳೆ ಬರುತ್ತದೆ. ಆದರೆ ಇಲ್ಲಿ ಅಚ್ಚು ಇಲ್ಲ, ಹಿಡಿ ಅದುಮುವ ಕೈಯೂ ಇಲ್ಲ.

ಈಗ ಅಂಕಿ. ಭೂಮಿಯ ಮೇಲಿನ ಎಳೆತವನ್ನು 1 ಜಿ ಎನ್ನೋಣ. 1.7 ಮೀಟರ್ ಎತ್ತರದ ಮನುಷ್ಯನಿಗೆ ಕ್ಷಿತಿಜದ ಹತ್ತಿರ ತಲೆ-ಕಾಲಿನ ವ್ಯತ್ಯಾಸ:

180 ಕೋಟಿ ಜಿ ÷ (ಕುಳಿಯ ದ್ರವ್ಯರಾಶಿ)²

ಸಣ್ಣ ಕುಳಿಗೆ 1.8 ಕೋಟಿ ಜಿ. ದೊಡ್ಡ ಕುಳಿಗೆ ಒಂದು ಜಿಯ ಹತ್ತು ಸಾವಿರದಲ್ಲೊಂದು ಭಾಗ. ಹೌದು, ಭಾರ ಹೆಚ್ಚಾದಷ್ಟೂ ಕ್ಷಿತಿಜ ಮೃದುವಾಗುತ್ತದೆ. ಮಕ್ಕಳು ಇದನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಗೆರೆಯ ಹತ್ತಿರ ವಾಪಸು ಕರೆದುಕೊಂಡು ಹೋಗಿ. ಕುಳಿ ದೊಡ್ಡದಾದಾಗ ಅದರ ಕ್ಷಿತಿಜ ನಡುವಿನಿಂದ ಬಹಳ ದೂರದಲ್ಲಿರುತ್ತದೆ, ಅಲ್ಲಿ ನಿಂತವನಿಗೆ ತನ್ನ ಎತ್ತರ ಲೆಕ್ಕಕ್ಕೇ ಬರುವುದಿಲ್ಲ.

ತಲೆ-ಕಾಲಿನ ವ್ಯತ್ಯಾಸ 10 ಜಿ ಆದರೆ ದೇಹ ತಡೆಯುವುದಿಲ್ಲ ಎಂದು ಇಟ್ಟುಕೊಳ್ಳೋಣ. ಆ ಜಾಗ ಕುಳಿಯ ನಡುವಿನಿಂದ ಎಷ್ಟು ದೂರ?

ದೂರ (ಕಿ.ಮೀ.) = 1,660 × ದ್ರವ್ಯರಾಶಿಯ ಘನಮೂಲ

ಸಣ್ಣ ಕುಳಿಗೆ ಸುಮಾರು 3,600 ಕಿ.ಮೀ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇರುವುದಕ್ಕಿಂತ ಹೆಚ್ಚು. ಕ್ಷಿತಿಜವೋ 30 ಕಿ.ಮೀ.ಯಲ್ಲಿದೆ. ಅಂದರೆ ಕಟ್ಟೆ ಕಣ್ಣಿಗೆ ಬೀಳುವ ಮುಂಚೆಯೇ ಮುಗಿಯಿತು. ದೊಡ್ಡ ಕುಳಿಗೆ 2.7 ಲಕ್ಷ ಕಿ.ಮೀ., ಕ್ಷಿತಿಜ 1.27 ಕೋಟಿಯಲ್ಲಿ. ಇಲ್ಲಿ ಕಟ್ಟೆ ದಾಟಿ ಬಹಳ ಒಳಗೆ ಹೋಗುವವರೆಗೆ ಮೈಗೆ ಏನೂ ತಿಳಿಯುವುದಿಲ್ಲ. ಎರಡಕ್ಕೂ ನಡುವಿನ ಗಡಿ ಎಲ್ಲಿದೆ ಎಂದು ಮಕ್ಕಳೇ ಹುಡುಕಲಿ. 180 ಕೋಟಿಯನ್ನು 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 13,400 ಬರುತ್ತದೆ. ಅಷ್ಟು ಸೂರ್ಯರಿಗಿಂತ ಹೆಚ್ಚು ಭಾರದ ಕುಳಿಯಾದರೆ ಕ್ಷಿತಿಜವನ್ನು ಜೀವಂತ ದಾಟಬಹುದು.

ಇಡೀ ಲೆಕ್ಕದಲ್ಲಿ ನಮಗೆ ಅತಿ ಇಷ್ಟವಾದ ಭಾಗ ಇನ್ನೊಂದು. ಈ 10 ಜಿ ಜಾಗದಿಂದ ಕೊನೆಯವರೆಗೆ ಎಷ್ಟು ಹೊತ್ತು? ದೂರದಿಂದ ನೆಟ್ಟಗೆ ಬಿದ್ದವರಿಗೆ ಸೂತ್ರ ಬಿಡಿಸಿದರೆ ಕುಳಿಯ ದ್ರವ್ಯರಾಶಿ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಉಳಿಯುವುದು: ಎತ್ತರವನ್ನು (1.7) ವ್ಯತ್ಯಾಸದಿಂದ (10 ಜಿ, ಅಂದರೆ 98) ಭಾಗಿಸಿ, ವರ್ಗಮೂಲ ತೆಗೆದು, ಮೂರನೇ ಎರಡರಿಂದ ಗುಣಿಸಿ. 0.09 ಸೆಕೆಂಡು. ಕುಳಿ ಸಣ್ಣದಿರಲಿ, ಭಾರಿಯದಿರಲಿ, ನೋವಿನ ಅವಧಿ ಇಷ್ಟೇ. ಕಣ್ಣು ಒಮ್ಮೆ ಮಿಟುಕಿಸಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

(ನ್ಯೂಟನ್ನನ ಸೂತ್ರ ಕುಳಿಯ ಹತ್ತಿರ ನಡೆಯುತ್ತದೆಯೇ ಎಂದು ಪಿಯು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಸಾಮಾನ್ಯವಾಗಿ ನಡೆಯುವುದಿಲ್ಲ. ಆದರೆ ದೂರದಿಂದ ನೆಟ್ಟಗೆ ಬೀಳುವವರ ಉದ್ದದ ಎಳೆತಕ್ಕೂ ಅವರ ಗಡಿಯಾರದ ಅವಧಿಗೂ ಐನ್‌ಸ್ಟೈನರ ಸಿದ್ಧಾಂತ ಕೊಡುವ ಉತ್ತರ ನ್ಯೂಟನ್ನನದಕ್ಕೆ ಸರಿಯಾಗಿ ಹೊಂದುತ್ತದೆ. ನಮ್ಮ ಅದೃಷ್ಟ.)

ಹೆಜ್ಜೆ 4: ಕ್ಷಿತಿಜ ದಾಟಿಸಿ

ಇದಕ್ಕೆ ಬಟ್ಟೆ, ಗೋಲಿ ಬೇಡ, ಕೆರೆಯ ತೂಬು ಸಾಕು. ತುಂಬಿದ ಕೆರೆಯಲ್ಲಿ ತೂಬು ಎತ್ತಿದ್ದಾರೆ. ದೂರದಲ್ಲಿ ನೀರು ನಿಧಾನ, ತೂಬಿನ ಹತ್ತಿರ ಬಂದಷ್ಟೂ ಜೋರು. ಒಂದು ಮೀನು ಎಷ್ಟು ವೇಗವಾಗಿ ಈಜಬಲ್ಲದೋ ಅಷ್ಟೇ ವೇಗಕ್ಕೆ ನೀರು ಹರಿಯುವ ಒಂದು ಗೆರೆ ಎಲ್ಲೋ ಇರುತ್ತದೆ. ಆ ಗೆರೆಯಲ್ಲಿ ನೀರು ಕಲಕುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ನೀರಿನ ಜೊತೆ ತೇಲುತ್ತಾ ಬಂದ ಮೀನಿಗೆ ಅಲ್ಲಿ ವಿಶೇಷವೇನೂ ಕಾಣುವುದಿಲ್ಲ. ವಾಪಸು ಹೋಗಲು ನೋಡಿದಾಗ ಗೊತ್ತಾಗುತ್ತದೆ. ನೀರಿನ ಜಾಗದಲ್ಲಿ ಆಕಾಶವನ್ನು (ಸ್ಪೇಸ್) ಇಡಿ, ಮೀನಿನ ಜಾಗದಲ್ಲಿ ಬೆಳಕನ್ನು ಇಡಿ. ಸಮೀಕರಣವೂ ಇದೇ ರೂಪದಲ್ಲಿ ಬರುತ್ತದೆ.

ತಪ್ಪದೆ ಬರುವ ಪ್ರಶ್ನೆ: ಕಾಲು ಗೆರೆಯ ಒಳಗೆ, ತಲೆ ಹೊರಗೆ ಇದ್ದರೆ ಕಾಲು ಕಾಣುವುದಿಲ್ಲವೇ? ಕಾಣುತ್ತದೆ. ಕಾಲು ಗೆರೆ ದಾಟುವ ಗಳಿಗೆಯಲ್ಲಿ ಕಾಲಿನಿಂದ ಹೊರಟ ಬೆಳಕು ಆ ಗೆರೆಯಲ್ಲೇ ನಿಂತಿರುತ್ತದೆ. ನಿಮ್ಮ ಕಣ್ಣು ಗೆರೆಗೆ ಬಂದಾಗ ಆ ಬೆಳಕು ಕಣ್ಣಿಗೆ ಬೀಳುತ್ತದೆ. ದೊಡ್ಡ ಕುಳಿಯಲ್ಲಾದರೆ ರಕ್ತ ಓಡಾಡುತ್ತಲೇ ಇರುತ್ತದೆ, ಕಾಲು ಕಾಣದೇ ಹೋದ ಗಳಿಗೆ ಒಂದೂ ಇರುವುದಿಲ್ಲ.

ಎದುರಿಗೆ ಕಾಣುವುದೇನು? ಕ್ಷಿತಿಜದ ಒಂದೂವರೆ ಪಟ್ಟು ದೂರದಲ್ಲಿ ಯಾರಾದರೂ ರಾಕೆಟ್ಟಿನ ಬಲದಿಂದ ಅಲುಗಾಡದೆ ನಿಂತರೆ ಅರ್ಧ ಆಕಾಶವನ್ನು ಕುಳಿಯ ಕಪ್ಪು ನುಂಗಿರುತ್ತದೆ, ಕೋನಮಾಪಕದಲ್ಲಿ 180 ಡಿಗ್ರಿ. ಅದೇ ಜಾಗದಲ್ಲಿ ಬೀಳುತ್ತಿರುವವರಿಗೆ ಕಪ್ಪು ತಟ್ಟೆಯ ಅಗಲ 70 ಡಿಗ್ರಿ ಮಾತ್ರ. ಕ್ಷಿತಿಜ ದಾಟುವಾಗಲೂ 84 ಡಿಗ್ರಿ, ಗೋಡೆಯ ಮೂಲೆಗಿಂತ ಕಡಿಮೆ. ಕಾರಣ ಮಳೆಯಲ್ಲಿ ಬೈಕು ಓಡಿಸಿದವರಿಗೆ ಗೊತ್ತು: ನೆಟ್ಟಗೆ ಬೀಳುವ ಹನಿಯೂ ಎದುರಿನಿಂದ ಮುಖಕ್ಕೆ ಬಡಿಯುತ್ತದೆ. ಹಾಗೆಯೇ ಪಕ್ಕದ ನಕ್ಷತ್ರಗಳ ಬೆಳಕು ಮುಂದಕ್ಕೆ ಸರಿದು ಕಪ್ಪನ್ನು ಒತ್ತರಿಸುತ್ತದೆ. ಕತ್ತಲೆ ಬಂದು ಮುಚ್ಚಿಕೊಳ್ಳುವ ದೃಶ್ಯ ಬೀಳುವವರ ಪಾಲಿಗೆ ಇಲ್ಲ.

ಹಿಂದೆ ತಿರುಗಿ ನೋಡಿದರೆ ಜಗತ್ತಿನ ಮುಂದಿನ ಕಾಲವೆಲ್ಲ ಸರಸರನೆ ಓಡುವುದು ಕಾಣುತ್ತದೆ ಎಂದು ಎಷ್ಟೋ ವಿಡಿಯೋಗಳು ಹೇಳುತ್ತವೆ. ತಪ್ಪು. ದೂರದಿಂದ ನೆಟ್ಟಗೆ ಬೀಳುವವರಿಗೆ ಕ್ಷಿತಿಜದಲ್ಲಿ ಹಿಂದಿನ ಬೆಳಕು ಎರಡು ಪಟ್ಟು ಹಿಗ್ಗಿರುತ್ತದೆ. ಹಿಂದಿನ ಜಗತ್ತು ಓಡುವುದಿಲ್ಲ, ಅರ್ಧ ವೇಗಕ್ಕೆ ಇಳಿದಂತೆ ಕಾಣುತ್ತದೆ.

ಹೆಜ್ಜೆ 5: ಹೊರಗೆ ನಿಂತವರ ಗಡಿಯಾರ

ಈಗ ಜಾಗ ಬದಲಿಸಿ. ಒಬ್ಬರು ದೂರದಲ್ಲಿ ನಿಂತಿದ್ದಾರೆ, ಬೀಳುವವರ ಕೈಯಲ್ಲಿ ಹಸಿರು ಟಾರ್ಚ್ ಇದೆ. ದೊಡ್ಡ ಕುಳಿಯನ್ನೇ ತೆಗೆದುಕೊಳ್ಳಿ. ಕ್ಷಿತಿಜಕ್ಕೆ ಇನ್ನು ಒಂದು ಸೆಕೆಂಡು ಇದೆ ಎನ್ನುವಾಗ ಒಮ್ಮೆ ಮಿಂಚಿಸುತ್ತಾರೆ. ಅರ್ಧ ಸೆಕೆಂಡು ಇರುವಾಗ ಮತ್ತೊಮ್ಮೆ, ಕಾಲು ಸೆಕೆಂಡಿಗೆ ಇನ್ನೊಮ್ಮೆ. ಹೀಗೆ ಉಳಿದ ಸಮಯ ಅರ್ಧವಾದಾಗಲೆಲ್ಲ ಒಂದು ಮಿಂಚು.

ಹೊರಗಿನವರಿಗೆ ಈ ಮಿಂಚುಗಳು 59 ಸೆಕೆಂಡಿಗೊಂದರಂತೆ ತಲುಪುತ್ತವೆ. ನಿಮಿಷಕ್ಕೊಂದು ಎಂದುಕೊಳ್ಳಿ. ಬೀಳುವವರ ಒಂದು ಸೆಕೆಂಡನ್ನು ಎಷ್ಟು ಸಲ ಬೇಕಾದರೂ ಅರ್ಧ ಮಾಡಬಹುದು, ಹೊರಗೆ ನಿಮಿಷಗಳು ಕೂಡುತ್ತಲೇ ಹೋಗುತ್ತವೆ. ಬಿದ್ದವರು ಕ್ಷಿತಿಜದಲ್ಲಿ ನಿಂತೇಬಿಟ್ಟರು ಎನ್ನುವುದರ ಅರ್ಥ ಇಷ್ಟೇ. ಅವರು ನಿಂತಿಲ್ಲ, ಅವರ ಬೆಳಕು ತಡವಾಗಿ ಬರುತ್ತಿದೆ.

ಹಾಗಾದರೆ ಅವರ ಚಿತ್ರ ಶಾಶ್ವತವಾಗಿ ಅಲ್ಲೇ ನೇತಾಡುತ್ತದೆಯೇ? ಇಲ್ಲ. ಅದೇ ನಿಮಿಷಕ್ಕೊಮ್ಮೆ ಬೆಳಕಿನ ಅಲೆಯುದ್ದ ಎರಡು ಪಟ್ಟಾಗುತ್ತದೆ. ಹಸಿರು ಎಂದರೆ 500 ನ್ಯಾನೊಮೀಟರ್. ಒಂದು ನಿಮಿಷಕ್ಕೆ ಸಾವಿರ ನ್ಯಾನೊಮೀಟರ್ ಆಗಿ ಕಣ್ಣಿಗೆ ಕಾಣದ ಅವಕೆಂಪಿಗೆ ಇಳಿಯಿತು. ಹತ್ತು ನಿಮಿಷಕ್ಕೆ ಅರ್ಧ ಮಿಲಿಮೀಟರ್. ಇಪ್ಪತ್ತಕ್ಕೆ ಅರ್ಧ ಮೀಟರ್, ಈಗ ಅದು ರೇಡಿಯೋ ಅಲೆ. ಮಕ್ಕಳಿಂದ ದ್ವಿಗುಣ ಮಾಡಿಸುತ್ತಾ ಹೋಗಿ, 24ನೇ ಸಲಕ್ಕೆ ಎಂಟೂ ಚಿಲ್ಲರೆ ಮೀಟರ್ ಬರುತ್ತದೆ. ಅಲ್ಲಿ ನಿಲ್ಲಿಸಿ.

ಗೌರಿಬಿದನೂರಿನ ಹತ್ತಿರ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹೊಲದುದ್ದಕ್ಕೂ ತಂತಿಗಳನ್ನು ಹೂಡಿ ಕಟ್ಟಿದ ರೇಡಿಯೋ ದೂರದರ್ಶಕ 1976ರಲ್ಲಿ ಶುರುವಾದದ್ದು. ಅದಕ್ಕೆ ಗೊತ್ತುಮಾಡಿದ ಆವರ್ತನ 34.5 ಮೆಗಾಹರ್ಟ್ಸ್. ಅಲೆಯುದ್ದ ಲೆಕ್ಕ ಹಾಕಿದರೆ 8.7 ಮೀಟರ್. ಅಂದರೆ ಹಸಿರು ಟಾರ್ಚು ಹಿಡಿದು ಬಿದ್ದವರ ಬೆಳಕು ಇಪ್ಪತ್ತನಾಲ್ಕು ನಿಮಿಷದಲ್ಲಿ ಗೌರಿಬಿದನೂರಿನ ತಂತಿಗಳ ಅಳತೆಗೆ ಬಂದಿರುತ್ತದೆ. ಟಾರ್ಚಿನ ಶಕ್ತಿ ಅಷ್ಟು ದೂರದಿಂದ ಸಿಗುವ ಮಾತೇ ಇಲ್ಲ, ಆದರೆ ಅಳತೆ ಅದೇ. ಅಲೆ ಹಿಗ್ಗುವುದರ ಜೊತೆಗೆ ಬರುವ ಫೋಟಾನುಗಳ (ಬೆಳಕಿನ ಕಣಗಳ) ಸಂಖ್ಯೆಯೂ ಕಡಿಮೆಯಾಗುತ್ತದೆ. ಕ್ಷಿತಿಜಕ್ಕೆ ಮುಂಚೆ ಹೊರಟ ಫೋಟಾನುಗಳಿಗೆ ಒಂದು ಲೆಕ್ಕವಿದೆ, ಅದರಲ್ಲಿ ಕೊನೆಯದು ಬಂದ ಮೇಲೆ ಬರಲು ಏನೂ ಉಳಿದಿರುವುದಿಲ್ಲ.

ಸಣ್ಣ ಕುಳಿಯಲ್ಲಿ ಈ 59 ಸೆಕೆಂಡಿನ ಜಾಗದಲ್ಲಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೂವರೆ ಭಾಗದಷ್ಟು ಇರುತ್ತದೆ. ನೋಡುವವರಿಗೆ ನಿಧಾನವಾದದ್ದೂ ಕಾಣುವುದಿಲ್ಲ, ಕೆಂಪಾದದ್ದೂ ಕಾಣುವುದಿಲ್ಲ. ಇತ್ತು, ಈಗ ಇಲ್ಲ.

ಹೆಜ್ಜೆ 6: ಒಳಗೆ

ಕ್ಷಿತಿಜದಿಂದ ಕೊನೆಗೆ, ದೂರದಿಂದ ಬಿದ್ದವರ ಗಡಿಯಾರದಲ್ಲಿ:

ಸಮಯ = 6.6 ಮೈಕ್ರೋಸೆಕೆಂಡ್ × ದ್ರವ್ಯರಾಶಿ

ಸಣ್ಣದರಲ್ಲಿ 66 ಮೈಕ್ರೋಸೆಕೆಂಡು, ದೊಡ್ಡದರಲ್ಲಿ 28 ಸೆಕೆಂಡು. ಭಾರಿಯದರಲ್ಲಿ ಹತ್ತಿರಹತ್ತಿರ 12 ಗಂಟೆ, ಬೆಳಿಗ್ಗೆ ಉಪ್ಪಿಟ್ಟು ತಿಂದು ದಾಟಿದರೆ ಸಂಜೆಯವರೆಗೆ ಹೊತ್ತಿದೆ.

ತಳ ಯಾವ ಕಡೆ? ಇದಕ್ಕೆ ಉತ್ತರ ಹೇಳುವಾಗ ಕೈಯನ್ನು ಕೆಳಗೆ ತೋರಿಸಬೇಡಿ. ಒಳಗೆ ಹೋದ ಮೇಲೆ ನಡುವಿನಿಂದ ಇರುವ ದೂರ ಎಂಬುದು ದೂರವಾಗಿ ಉಳಿಯುವುದಿಲ್ಲ, ಗಡಿಯಾರದ ಹಾಗೆ ಒಂದೇ ಕಡೆಗೆ ಓಡುತ್ತದೆ. ಸೋಮವಾರವನ್ನು ತಪ್ಪಿಸಿಕೊಳ್ಳಲು ಯಾವ ದಿಕ್ಕಿಗೆ ಓಡುತ್ತೀರಿ ಎಂದು ಕೇಳಿ. ಪಾವಗಡಕ್ಕೆ ಹೋದರೂ ಸೋಮವಾರ, ಶಿರಾಕ್ಕೆ ಹೋದರೂ ಸೋಮವಾರ. ಕುಳಿಯ ಈ ತಳಕ್ಕೆ ಸಿಂಗ್ಯುಲಾರಿಟಿ ಎನ್ನುತ್ತಾರೆ, ಅದೂ ಅಂಥದ್ದು. ಮುಂದೆ ಇರುವ ಜಾಗವಲ್ಲ, ಮುಂದೆ ಬರುವ ಹೊತ್ತು. ಆದ್ದರಿಂದ ಅದು ಎದುರಿಗೆ ಕಾಣುವುದೂ ಇಲ್ಲ, ನಾಳೆಯ ಬೆಳಕು ಇವತ್ತು ಕಣ್ಣಿಗೆ ಬೀಳುವುದಿಲ್ಲವಲ್ಲ.

ರಾಕೆಟ್ ಉರಿಸಿದರೆ? ಯಾರೇ ಏನೇ ಮಾಡಿದರೂ ಒಳಗಿನ ಅವಧಿಗೆ ಮೇಲ್ಮಿತಿ ಇದೆ: 15.5 ಮೈಕ್ರೋಸೆಕೆಂಡ್ × ದ್ರವ್ಯರಾಶಿ. ದೊಡ್ಡದರಲ್ಲಿ 66 ಸೆಕೆಂಡು, ಭಾರಿಯದರಲ್ಲಿ 28 ಗಂಟೆ. ದೂರದಿಂದ ಜೋರಾಗಿ ಬಿದ್ದವರು ಹದವಾಗಿ ಎಂಜಿನ್ ಉರಿಸಿದರೆ 28 ಸೆಕೆಂಡನ್ನು ಸ್ವಲ್ಪ ಹಿಗ್ಗಿಸಬಹುದು. ಗಾಬರಿಯಿಂದ ಬಿಡದೆ ಉರಿಸಿದರೆ ಇದ್ದದ್ದೂ ಕಡಿಮೆಯಾಗುತ್ತದೆ.

ಕೊನೆಯ ಗಳಿಗೆಯಲ್ಲಿ ಏನಾಗುತ್ತದೆ ಎನ್ನುವಲ್ಲಿ ಐನ್‌ಸ್ಟೈನರ ಸಮೀಕರಣ ಅನಂತ ಎಂಬ ಉತ್ತರ ಕೊಟ್ಟು ಕೈಚೆಲ್ಲುತ್ತದೆ. ಅಲ್ಲಿಗೆ ಈ ಲೆಕ್ಕವೂ ನಿಲ್ಲುತ್ತದೆ. ಬೇರೆ ಲೋಕಕ್ಕೆ ಬಾಗಿಲು ತೆರೆಯುತ್ತದೆ ಎಂದು ಸೇರಿಸಲು ಹೋಗಬೇಡಿ.

ಬಿದ್ದ ಮೇಲೆ ಕುಳಿಗೆ ಏನಾಯಿತು?

60 ಕೆ.ಜಿ. ಮನುಷ್ಯ ಬಿದ್ದರೆ ಕ್ಷಿತಿಜದ ತ್ರಿಜ್ಯ ಒಂದು ಪ್ರೋಟಾನಿನ ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಹೆಚ್ಚುತ್ತದೆ. ಕುಳಿಯನ್ನು ಕೆಣಕಿದರೆ ಅದು ಗಂಟೆ ಬಡಿದ ಹಾಗೆ ಒಂದು ಗೊತ್ತಾದ ಸ್ವರದಲ್ಲಿ ಕಂಪಿಸಿ ಬೇಗನೆ ಸುಮ್ಮನಾಗುತ್ತದೆ ಎಂದು 1970ರಲ್ಲಿ ತೋರಿಸಿದವರು ನಮ್ಮವರೇ ಆದ ಸಿ. ವಿ. ವಿಶ್ವೇಶ್ವರ, ಮುಂದೆ ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದವರು. (ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೇರೆ. ಚಿಕ್ಕಬಳ್ಳಾಪುರದಲ್ಲಿ ಈ ಗೊಂದಲ ಗ್ಯಾರಂಟಿ, ಮೊದಲೇ ಹೇಳಿಬಿಡಿ.) ಎರಡು ಕುಳಿಗಳು ಸೇರಿ ಒಂದಾದಾಗಿನ ಗುರುತ್ವ ಅಲೆ 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ಸಿಕ್ಕಿತು, ಅದರ ಕೊನೆಯ ಭಾಗದಲ್ಲಿದ್ದದ್ದು ಈ ಕಂಪನವೇ. ಸಣ್ಣ ಕುಳಿಯಾದರೆ ಸ್ವರ ಸೆಕೆಂಡಿಗೆ ಸುಮಾರು 1,200 ಕಂಪನ, ಕಿವಿಗೆ ಕೇಳುವ ಮಟ್ಟದ್ದು. ದೊಡ್ಡದರಲ್ಲಿ ಒಂದು ಕಂಪನಕ್ಕೇ ಆರು ನಿಮಿಷ. ಒಬ್ಬ ಮನುಷ್ಯ ಬಿದ್ದರೆ ಅಷ್ಟು ದೊಡ್ಡ ಗಂಟೆಗೆ ಸೊಳ್ಳೆ ತಾಗಿದಷ್ಟೂ ಇಲ್ಲ.

ಹಗ್ಗ ಕಟ್ಟಿ ಇಳಿಸಿದರೆ?

ಹೂಳೆತ್ತಲು ಬಾವಿಗೆ ಇಳಿಸುವ ಹಾಗೆ ಸೊಂಟಕ್ಕೆ ಹಗ್ಗ, ಮೇಲೆ ರಾಟೆ. ಈ ಪ್ರಶ್ನೆ ಬಾರದ ತರಗತಿ ಇರಲಿಕ್ಕಿಲ್ಲ. ಬೀಳುವವರಿಗೆ ತೂಕವಿಲ್ಲ, ನೇತಾಡುವವರಿಗೆ ಇದೆ. ದೊಡ್ಡ ಕುಳಿಯ ಕ್ಷಿತಿಜಕ್ಕೆ ಇನ್ನೂ ತ್ರಿಜ್ಯದ ನೂರನೇ ಒಂದು ಭಾಗ ದೂರದಲ್ಲಿ ನೇತಾಡಿಸಿದರೂ ಎಳೆತ ಸುಮಾರು 35 ಲಕ್ಷ ಜಿ. 60 ಕೆ.ಜಿ. ಮನುಷ್ಯ ಎರಡು ಲಕ್ಷ ಟನ್ ಭಾರವಾಗುತ್ತಾನೆ. ಅಲ್ಲಿ ಹಗ್ಗದ ಕತೆ ಆಮೇಲೆ, ಮೊದಲು ಸೊಂಟ. ಕ್ಷಿತಿಜದಲ್ಲಿ ಈ ಭಾರ ಅನಂತ, ಯಾವ ಹಗ್ಗವೂ ತಡೆಯುವುದಿಲ್ಲ. ಹಗ್ಗ ಬಿಗಿಯದೆ ಸಡಿಲ ಬಿಡುತ್ತಾ ಹೋದರೆ ಹಗ್ಗವೂ ಜೊತೆಗೆ ಬೀಳುತ್ತದೆ, ಅಷ್ಟೆ.

ಆಕಾಶದಲ್ಲಿ ಜಾಗ ತೋರಿಸುವುದು

ಲೆಕ್ಕ ಮುಗಿದ ಮೇಲೆ ದೊಡ್ಡ ಕುಳಿ ಇರುವ ದಿಕ್ಕನ್ನು ಬೆರಳಿಟ್ಟು ತೋರಿಸಬಹುದು. ನಂದಿಬೆಟ್ಟ, ದೇವರಾಯನದುರ್ಗದ ಸುತ್ತಮುತ್ತ, ಊರ ದೀಪಗಳಿಗೆ ಬೆನ್ನು ಹಾಕಿ ದಕ್ಷಿಣ ಕಾಣುವ ಯಾವ ಬಯಲಾದರೂ ಆಗುತ್ತದೆ. ಜೂನ್ ನಡುವಿನಲ್ಲಿ ಮಧ್ಯರಾತ್ರಿ ಹನ್ನೆರಡೂವರೆ ಹೊತ್ತಿಗೆ ಅದು ನೇರ ದಕ್ಷಿಣದಲ್ಲಿ, ದಿಗಂತದಿಂದ 47-48 ಡಿಗ್ರಿ ಮೇಲೆ ಇರುತ್ತದೆ. ಆದರೆ ಆಗ ಮೋಡ. ಏಪ್ರಿಲ್ ನಡುವಿನ ಬೆಳಗಿನ ಜಾವ ನಾಲ್ಕೂವರೆಗೆ ಅದೇ ಜಾಗದಲ್ಲಿ ಸಿಗುತ್ತದೆ, ಆಕಾಶವೂ ಶುಭ್ರ. ಬೇಗ ಏಳಲಾರದವರು ಅಕ್ಟೋಬರ್ ನಡುವೆ ಸಂಜೆ ಏಳಕ್ಕೆ ನೈಋತ್ಯದಲ್ಲಿ ನೋಡಬಹುದು, ಎತ್ತರ ಕಡಿಮೆ.

ಗುರುತು ಹೀಗೆ: ವೃಶ್ಚಿಕದ ಕೊಂಡಿಯ ಬಾಲದ ತುದಿಯಲ್ಲಿ ಹೊಳೆಯುವುದು ಮೂಲ ನಕ್ಷತ್ರ. ಅದು ದಕ್ಷಿಣದಲ್ಲಿರುವಾಗ ತೋಳು ಚಾಚಿ ಮುಷ್ಟಿ ಹಿಡಿಯಿರಿ, ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮೂಲದಿಂದ ನೇರ ಮೇಲಕ್ಕೆ ಒಂದು ಮುಷ್ಟಿಗೆ ತುಸು ಕಡಿಮೆ, ಒಂದೆರಡು ಬೆರಳು ಎಡಕ್ಕೆ. ಅಲ್ಲಿ ಆಕಾಶಗಂಗೆ ದಪ್ಪವಾಗಿ, ನಡುನಡುವೆ ಕಪ್ಪು ಪಟ್ಟೆಗಳೊಂದಿಗೆ ಕಾಣುತ್ತದೆ. ಯಾರಾದರೂ ಆ ಕಪ್ಪನ್ನೇ ತೋರಿಸಿ ಇದೇನಾ ಎಂದು ಕೇಳುತ್ತಾರೆ. ಅಲ್ಲ, ಅದು ದೂಳು. ಕುಳಿ ಅದರ ಹಿಂದೆ ಇದೆ.